ಗೈರುಹಾಜರಾದ ಕಿವಿಗಳು

ಭೀಮಾತೀರ ವಾಕ್-ಶ್ರವಣ ಮಹಾವಿದ್ಯಾಲಯವು ಕಳೆದ ಮೂರು ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ನಡೆಸಿದ ನಲವತ್ತೆರಡು ಉಚಿತ ಶ್ರವಣ ತಪಾಸಣಾ ಶಿಬಿರಗಳಲ್ಲಿ ಒಬ್ಬನೇ ಒಬ್ಬ ಕಿವುಡ ಗ್ರಾಮಸ್ಥ ಪತ್ತೆಯಾಗಿಲ್ಲ. ಇದು ಗಾಳಿಸುದ್ದಿಯಲ್ಲ. ರಜಿಸ್ಟರಿನಲ್ಲಿದೆ, ಪುಟಪುಟಕ್ಕೂ ಸಹಿ ಇದೆ.

ಈ ಸಾಧನೆಯ ಹಿಂದಿರುವುದು ಶಿಬಿರ ನಿಯಮಾವಳಿಯ ಏಳನೆಯ ಕಲಮು. ಹೆಸರು ಬರೆಸಿದವರನ್ನು ಜವಾನನು ಬಾಗಿಲಲ್ಲಿ ನಿಂತು, ಸಾಧಾರಣ ದನಿಯಲ್ಲಿ, ಮೂರು ಸಲ ಕರೆಯತಕ್ಕದ್ದು. ಓಗೊಟ್ಟವರನ್ನು ತಪಾಸಣೆ ಮಾಡತಕ್ಕದ್ದು. ಓಗೊಡದವರನ್ನು ಗೈರುಹಾಜರು ಎಂದು ನಮೂದಿಸತಕ್ಕದ್ದು. ಮೊದಲು ಹೀಗಿರಲಿಲ್ಲ. ಜವಾನ ಮುರ್ತುಜಾಸಾಬ ಕೈಮಾಡಿ ಕರೆಯುತ್ತಿದ್ದ, ಭುಜ ಮುಟ್ಟಿ ಎಬ್ಬಿಸುತ್ತಿದ್ದ. ಆಲಮೇಲದ ಶಿಬಿರದಲ್ಲಿ ಅವನು ಸರದಿ ಬಿಟ್ಟು ತನ್ನ ಬೀಗರಿಗೆ ಕೈಮಾಡಿದನೆಂದು ತಕರಾರು ಬಂತು. ವಿಚಾರಣಾ ಸಮಿತಿ ನಾಲ್ಕು ಸಲ ಕೂತು ಚಹಾ ಕುಡಿದು, ಕೈಸನ್ನೆ, ಕಣ್ಸನ್ನೆ, ಚೀಟಿ ತೋರಿಸುವುದು, ಮುಟ್ಟುವುದು ಎಲ್ಲವನ್ನೂ ಪಕ್ಷಪಾತವೆಂದು ನಿಷೇಧಿಸಿತು. ಅಂದಿನಿಂದ ಎಲ್ಲರಿಗೂ ಒಂದೇ ನ್ಯಾಯ, ಒಂದೇ ದನಿ.

ತಾಳಿಕೋಟೆಯ ಯಾಸ್ಮಿನ ಈ ಮಹಾವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿನಿ. ಕಿವಿಯೊಳಗಿನ ಮೂರು ಪುಟ್ಟ ಎಲುಬುಗಳಿಂದ ಹಿಡಿದು ತೊದಲುವ ಮಕ್ಕಳ ಉಸಿರಾಟದ ತನಕ ಎಲ್ಲವನ್ನೂ ಓದಿ ಮುಗಿಸಿದ್ದಳು. ಬಾಕಿ ಉಳಿದದ್ದು ಒಂದೇ. ಆ ವರ್ಷ ಹೊಸದಾಗಿ ಬಂದ ನಿಯಮದಂತೆ, ಒಬ್ಬ ಕಿವುಡರನ್ನಾದರೂ ತಪಾಸಣೆ ಮಾಡಿ, ಅವರಿಗೆ ಕಿವಿ ಮಷಿನ್ನು ಹಾಕಿ, ಪ್ರಾಯೋಗಿಕ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಿರಬೇಕು. ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ, ಒಂದು ವರ್ಷ ನೀರಿಗೆ ಬಿದ್ದಂತೆ. ಪುಸ್ತಕದ ಆ ಪುಟದಲ್ಲಿ ಅವಳ ಸ್ವಂತ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ವರ್ಷದ ಕೊನೆಯ ಶಿಬಿರ ದೇವಣಗಾಂವದ ಶಾಲೆಯಲ್ಲಿ ನಡೆಯಿತು. ಮುಂಜಾನೆ ಸಾಕ್ಷಿ ಎಂಬ ಹೆಣ್ಣುಮಗಳು ತನ್ನ ಅತ್ತೆ ದುರ್ಗವ್ವಳನ್ನು ಕರೆತಂದು ಹೆಸರು ಬರೆಸಿದಳು. ಎತ್ತಿನ ಗಂಟೆಯೂ ಕೇಳದು, ಟ್ರ್ಯಾಕ್ಟರೂ ಕೇಳದು ಅಂದಳು. ಯಾಸ್ಮಿನಳಿಗೆ ಒಳಗೊಳಗೇ ಹಬ್ಬವಾಯಿತು. ಹಾಗೆ ಆದದ್ದಕ್ಕೆ ತುಸು ನಾಚಿಕೆಯೂ ಆಯಿತು.

ಮುರ್ತುಜಾಸಾಬ ಬಾಗಿಲಿಗೆ ಬಂದು ದುರ್ಗವ್ವ ಎಂದು ಮೂರು ಸಲ ಕರೆದ. ಎರಡು ಮಾರು ದೂರದ ಬೆಂಚಿನ ಮೇಲೆ ದುರ್ಗವ್ವ ಅವನನ್ನೇ ನೋಡುತ್ತ ಕೂತಿದ್ದಳು. ಅವನು ಗೈರುಹಾಜರು ಎಂದು ಬರೆದ.

"ಚಾಚಾ, ಆಯಿ ಅಲ್ಲೇ ಕುಂತಾಳಲ್ರಿ," ಅಂದಳು ಯಾಸ್ಮಿನ.

"ಕುಂತಾಳ, ಖರೆ. ಹಾಜರಿಲ್ಲ."

"ಕೆಪ್ಪಿ ಅದಾಳ್ರಿ. ಅದಕ್ಕಂತನ ಬಂದಾಳ."

"ಕೆಪ್ಪಿ ಹೌದೋ ಅಲ್ಲೋ ಅನ್ನೋದು ತಪಾಸಣಿ ಆದಮ್ಯಾಲೆ ಗೊತ್ತಾಗೋದು, ತಂಗಿ. ಈಗಲೇ ಹೆಂಗ ಅಂತೀ? ಬೀಗರಿಗೆ ಕೈ ಮಾಡಿದ್ದಕ್ಕ ಆರು ತಿಂಗಳು ಮನಿಯಾಗ ಕುಂತೇನಿ. ಇನ್ನೊಮ್ಮೆ ಕುಂತ್ರ ನಿಮ್ಮ ಚಾಚಿ ಮನೀನೂ ಬಿಡಿಸ್ತಾಳ."

ಯಾಸ್ಮಿನ ವಿಭಾಗದ ಮುಖ್ಯಸ್ಥರಾದ ಗುರುನಾಥ ಸರ್ ಬಳಿ ಹೋದಳು. ಅವರು ಕೇಳುವ ಶಾಸ್ತ್ರದಲ್ಲೇ ಡಾಕ್ಟರೇಟ್ ಪಡೆದವರಾದ್ದರಿಂದ ಪೂರ್ತಿ ಕೇಳಿಸಿಕೊಂಡರು. ಏಳನೆಯ ಕಲಮಿಗೆ ಒಂದು ಉಪಕಲಮು ಇದೆಯೆಂದೂ, ವಯಸ್ಸಾದವರ ಪರವಾಗಿ ಮನೆಯವರು ಓಗೊಡಬಹುದೆಂದೂ ಹೇಳಿದರು. ಮುರ್ತುಜಾಸಾಬ ಹೊಸದಾಗಿ ಕರೆಯತೊಡಗಿದ. ಮೊದಲ ಕರೆಗೇ ಸಾಕ್ಷಿ "ಬಂದಾಳ್ರಿ" ಅಂದಳು. ನಿಯಮದಂತೆ, ಓಗೊಟ್ಟ ಸಾಕ್ಷಿಯನ್ನೇ ಒಳಗೆ ಕರೆದು ಕೂಡಿಸಿ ಅವಳ ಕಿವಿಗೆ ಹೆಡ್‌ಫೋನು ಹಾಕಲಾಯಿತು.

"ಸರ್, ಈಕಿ ಸೊಸಿರಿ," ಅಂದಳು ಯಾಸ್ಮಿನ.

"ಕರೆದದ್ದು ಯಾರ ಹೆಸರು?"

"ದುರ್ಗವ್ವಂದು."

"ಓ ಅಂದವರು ಯಾರು?"

"ಈಕಿ."

"ಮತ್ತೇನವಾ?" ಅಂದರು ಸರ್, ಬಹಳ ಸಮಾಧಾನದಿಂದ.

"ಲಗೂ ಮಾಡ್ರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೇನಿ," ಅಂದಳು ಸಾಕ್ಷಿ.

ಹತ್ತೇ ನಿಮಿಷದಲ್ಲಿ ಪ್ರಮಾಣಪತ್ರ ಸಿದ್ಧವಾಯಿತು. ದುರ್ಗವ್ವ, ವಯಸ್ಸು ಅರವತ್ತೆಂಟು, ಎರಡೂ ಕಿವಿ ಉತ್ತಮ. ಷರಾದಲ್ಲಿ, ಇಪ್ಪತ್ತಾರರ ಹರೆಯದವರ ಕಿವಿಗಳಿಗೆ ಸಮ ಎಂದು ಸರ್ ಸ್ವಹಸ್ತದಿಂದ ಬರೆದು ಸೀಲು ಒತ್ತಿದರು.

ಹೊರಗೆ ದುರ್ಗವ್ವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಏನು ಬರೆದಿದ್ದಾರೆಂದು ಕೇಳಿದಳು. ಸಾಕ್ಷಿ ಅವಳ ಕಿವಿಗೆ ಬಾಯಿ ಹಚ್ಚಿ, ಮಾಡಿನ ಪಾರಿವಾಳ ಏಳುವಂತೆ ನಾಲ್ಕು ಸಲ ಕೂಗಿದಳು: "ನಿನಗ ಚಲೋ ಕೇಳಸ್ತೈತಂತ."

"ಹೌದೇನು? ಮತ್ತ ನನಗ್ಯಾಕ ಕೇಳಸವಲ್ದು?"

"ಅದನ್ನ ಬರದಿಲ್ಲ."

"ಇಷ್ಟು ಕಲತವ್ರು ಬರದಾರಂದ್ರ ಖರೇನ ಇರಬೇಕು ಬಿಡು," ಅಂದು ದುರ್ಗವ್ವ ಕಾಗದವನ್ನು ಮಡಿಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡಳು.

ಯಾಸ್ಮಿನ ಖಾಲಿ ಪುಟ ಹಿಡಿದು ಮತ್ತೆ ಸರ್ ಎದುರು ನಿಂತಳು. ಸಂಜೆಯೊಳಗೆ ಕಿವುಡರು ಸಿಗದಿದ್ದರೆ ವರ್ಷ ಹೋಗುತ್ತದೆ ಅಂದಳು.

"ಪುಸ್ತಕಕ್ಕ ಕಿವುಡುತನ ಬೇಕವಾ. ಅದು ಎಲ್ಲಿಂದ ಬಂತು ಅಂತ ಪುಸ್ತಕ ಕೇಳಂಗಿಲ್ಲ," ಅಂದು ಸರ್ ಮುರ್ತುಜಾಸಾಬನ ಎರಡೂ ಕಿವಿಗೆ ಹತ್ತಿ ತುರುಕಿಸಿದರು.

ತೊಡಕು ಒಂದೇ ಉಳಿಯಿತು. ಅವನ ಹೆಸರನ್ನೂ ಬಾಗಿಲಲ್ಲಿ ಮೂರು ಸಲ ಕರೆಯಬೇಕಿತ್ತು, ಕರೆಯುವ ಅಧಿಕಾರ ಅವನೊಬ್ಬನಿಗೇ ಇತ್ತು. ಮುರ್ತುಜಾಸಾಬ ಬಾಗಿಲಿಗೆ ಹೋಗಿ, ಬಯಲಿನತ್ತ ಮೋರೆ ಮಾಡಿ, ಮುರ್ತುಜಾಸಾಬ ಎಂದು ಕರೆದ. ಕರೆದದ್ದು ಯಾರನ್ನೆಂದು ತಿಳಿದಿದ್ದರಿಂದ "ಬಂದೇನ್ರಿ" ಅಂದು ಒಳಗೆ ಬಂದ. ನಲವತ್ತೆರಡು ಶಿಬಿರಗಳ ಇತಿಹಾಸದಲ್ಲಿ ಕಿವುಡನೊಬ್ಬ ಕರೆಗೆ ಓಗೊಟ್ಟದ್ದು ಅದೇ ಮೊದಲು. ಯಾಸ್ಮಿನ ತಪಾಸಣೆ ಮಾಡಿದಳು, ಕೊರತೆ ಸಾಕಷ್ಟು ಬಂತು, ಹತ್ತಿ ತೆಗೆದು ಮಷಿನ್ನು ಹಾಕಿದಳು, ಫಲಿತಾಂಶ ಅತ್ಯುತ್ತಮವಾಗಿತ್ತು. ಸರ್ ಸಹಿ ಮಾಡಿದರು. ಆಕೆ ಮೊದಲ ದರ್ಜೆಯಲ್ಲಿ ಪಾಸಾದಳು.

ಮರುವಾರ ಪ್ರಕಟಣೆ ಹೊರಬಿತ್ತು: "ದೇವಣಗಾಂವದಲ್ಲಿ ಹಾಜರಿದ್ದ ಗ್ರಾಮಸ್ಥರೆಲ್ಲರ ಕಿವಿಗಳು ಸುಸ್ಥಿತಿಯಲ್ಲಿವೆ. ಪತ್ತೆಯಾದ ಏಕೈಕ ಕಿವುಡರು ಮಹಾವಿದ್ಯಾಲಯದ ಸಿಬ್ಬಂದಿಯಾಗಿದ್ದು, ಗ್ರಾಮಕ್ಕೆ ಸಂಬಂಧಪಟ್ಟವರಲ್ಲ." ಕೊಟ್ಟ ಮಷಿನ್ನನ್ನು ಬಳಸದಿದ್ದರೆ ನೋಟಿಸು ಬರುತ್ತದೆಂದು ಮುರ್ತುಜಾಸಾಬ ಅದನ್ನು ದಿನಾ ಹಾಕಿಕೊಳ್ಳತೊಡಗಿದ. ತನ್ನ ದನಿ ತನಗೇ ಸಿಡಿಲಿನಂತೆ ಕೇಳುವುದರಿಂದ ಈಗ ಪಿಸುಗುಟ್ಟಿ ಕರೆಯುತ್ತಾನೆ. ಹೀಗಾಗಿ ಗಟ್ಟಿಮುಟ್ಟಾದ ಕಿವಿಗಳೂ ಗೈರುಹಾಜರಾಗುತ್ತಿವೆ. ಇದು ಜನರಲ್ಲಿ ಆರೋಗ್ಯ ಸುಧಾರಿಸಿದ್ದರ ಲಕ್ಷಣವೆಂದು ವಾರ್ಷಿಕ ವರದಿ ಹೇಳುತ್ತದೆ.

ಯಾಸ್ಮಿನಳಿಗೆ ಅದೇ ಮಹಾವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಸೇರಲು ಇಂಡಿಗೆ ಹೊರಟ ದಿನ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸಾಕ್ಷಿ ಸಿಕ್ಕಳು. ದುರ್ಗವ್ವ ಆಚೆ ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಳು.

"ಆಕಿ ಕೂಡ ಮಾತಾಡೋದು ಬಿಟ್ಟೇನ್ರಿ," ಅಂದಳು ಸಾಕ್ಷಿ. "ಮೊದಲ ಕೇಳಸಂಗಿಲ್ಲ, ಪಾಪ ಅಂತಿದ್ವಿ. ಈಗ ಕಾಗದಾನ ಬಂದೈತಿ. ಕೇಳಿಸಿದ್ರೂ ಹೊಳ್ಳಿ ನೋಡಂಗಿಲ್ಲಂದ್ರ ಸೊಕ್ಕಲ್ಲೇನ್ರಿ? ಓಣ್ಯಾಗ ಯಾರೂ ಮಾತಾಡ್ಸಂಗಿಲ್ಲ."

"ಅವತ್ತು ನೋಡಿದ್ದು ನಿನ್ನ ಕಿವಿ ಅಲ್ಲೇನವಾ?"

"ನನ್ನ ಕಿವೀನ್ರಿ. ಆದ್ರ ಸೀಲು ಬಿದ್ದದ್ದು ಆಕಿ ಹೆಸರಿಗೆ. ಸುಳ್ಳು ಸೀಲು ಒತ್ತತಾರೇನ್ರಿ?"

ಆ ಕಾಗದದ ಮೇಲೆ ತಪಾಸಣೆ ಮಾಡಿದವರು ಎಂದು ಯಾಸ್ಮಿನಳದೇ ಸಹಿ ಇತ್ತು. ಅವಳು ಕಂಬದ ಕಡೆ ನಾಲ್ಕು ಹೆಜ್ಜೆ ಹೋಗಿ, ಆಯಿ, ಎಂದು ಕರೆದಳು. ತಾನು ಯಾಸ್ಮಿನ ಎಂದಳು. ಕೆಲಸ ಸಿಕ್ಕಿದೆ ಎಂದಳು. ದುರ್ಗವ್ವ ಬಸ್ಸುಗಳನ್ನೇ ನೋಡುತ್ತಿದ್ದಳು.

ಯಾಸ್ಮಿನ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಇಷ್ಟು ಓದಿದವಳು ತಾನಾಗಿ ಬಂದು ಮಾತಾಡಿಸಿದರೂ ಇಷ್ಟೊಂದು ಬಿಗುಮಾನವೇ ಅನ್ನಿಸಿ, ಮೋರೆ ಸಪ್ಪಗೆ ಮಾಡಿಕೊಂಡು ಇಂಡಿ ಬಸ್ಸು ಹತ್ತಿದಳು.