ಬಿಂದಿಗೆ ತುಂಡು ಹಾಕಿದ ಡೀಸೆಲ್ ಟ್ಯಾಂಕು

ಇಂಜಿನ್ ರಿಪೇರಿ ಅಂಥ ಕಷ್ಟದ ಕೆಲಸವೇನಲ್ಲ. ಇಂಜಿನ್ ಸುತ್ತ ಜನ ನಿಂತಿರ್ತಾರಲ್ಲ, ಅವರನ್ನು ಸಂಭಾಳಿಸೋದೇ ಕಷ್ಟ. ನಾನು ಎಲ್ಲಿ ಸ್ಪ್ಯಾನರ್ ಹಿಡಿದರೂ ಅಲ್ಲೊಂದು ತಮಾಷೆ ನಡೆದೇ ನಡೆಯುತ್ತೆ. ಮೊಟ್ಟಮೊದಲ ಕೆಲಸದಲ್ಲೇ ಇದು ಗಂಟುಬಿತ್ತು.

ತೊಂಬತ್ತರ ದಶಕದ ಕೊನೆ. ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜು ಬಿಟ್ಟು ಚಳ್ಳಕೆರೆಯಲ್ಲಿ ಸ್ವಂತ ಅಂಗಡಿ ಹಾಕಿದ್ದೆ. "ನಾಲ್ಕು ದಿನಕ್ಕೆ ವಾಪಸ್ ಬರ್ತೀಯ ಬಿಡಲೇ" ಅಂದಿದ್ದರು ಉಸ್ತಾದ್. ಮೊದಲ ಕರೆ ಮೊಳಕಾಲ್ಮುರಿನ ಒಂದು ಮದುವೆ ಛತ್ರದಿಂದ ಬಂತು. ಜನರೇಟರಿನ ಪ್ಲಾಸ್ಟಿಕ್ ಟ್ಯಾಂಕು ಸೋರುತ್ತಿದೆ, ನಾಳೆ ಬೆಳಿಗ್ಗೆ ಮುಹೂರ್ತ, ಕರೆಂಟಿಗೆ ಗ್ಯಾರಂಟಿ ಇಲ್ಲ, ಹೊಸ ಟ್ಯಾಂಕು ಬರೋಕೆ ವಾರ ಬೇಕು. ಇಲ್ಲಿ ಮುಗ್ಗರಿಸಿದರೆ ನನ್ನ ಅಂಗಡಿ ಕಥೆ ಮುಗೀತು. ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

೧. ಸೋಪು

ನಾನು ಹೋಗೋ ಹೊತ್ತಿಗೆ ಛತ್ರದ ಯಜಮಾನರೇ ರಿಪೇರಿ ಶುರು ಮಾಡಿಬಿಟ್ಟಿದ್ದರು. ಬಟ್ಟೆ ಸೋಪಿನ ಬಿಲ್ಲೆ ಹಿಡಿದು ಟ್ಯಾಂಕಿನ ಬಿರುಕಿಗೆ ಗಸಗಸ ತಿಕ್ಕುತ್ತಿದ್ದರು. ತೀರಾ ತಪ್ಪೇನಲ್ಲ, ಲಾರಿ ಡ್ರೈವರುಗಳೂ ದಾರೀಲಿ ಹಾಗೇ ಮಾಡ್ತಾರೆ.

"ನೋಡಲೇ, ಹನಿ ನಿಂತೇಹೋಯ್ತು! ನೀನು ಬಂದಿದ್ದೇ ದಂಡ!" ಅಂದರು.

ನನಗೂ ಕುತೂಹಲ. ಕರೀ ಟ್ಯಾಂಕು, ಹೊರಗಿಂದ ಏನೂ ಕಾಣೋದಿಲ್ಲ. ಮುಚ್ಚಳ ತೆಗೆದು ಒಂದು ಕಡ್ಡಿ ಇಳಿಬಿಟ್ಟೆ. ತಳದಲ್ಲಿ ಎರಡು ಬೆರಳಷ್ಟು ಡೀಸೆಲ್.

"ಯಜಮಾನ್ರೇ, ಬಿರುಕು ಮೇಲೈತೆ, ಡೀಸೆಲ್ ಕೆಳಗೈತೆ. ಇನ್ನು ಸೋರೋದಾದ್ರೂ ಏನ್ರೀ?"

ಅವರು ಉಳಿದ ಸೋಪಲ್ಲಿ ಕೈ ತೊಳಕೊಂಡರು.

೨. ವಿಭೂತಿ

ಪ್ಲಾಸ್ಟಿಕ್ ಬಿರುಕು ಕೂದಲೆಳೆ ಥರ. ಅದರ ತುದಿ ಎಲ್ಲಿ ಅಂತ ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆಯದಿದ್ದರೆ ಮತ್ತೆ ಸೀಳುತ್ತಾ ಹೋಗುತ್ತೆ. ತುದಿ ಕಾಣಬೇಕಾದರೆ ಒಣ ಪುಡಿ ಬಳಿಯಬೇಕು, ಡೀಸೆಲ್ ಜಿನುಗಿದ ಕಡೆ ಪುಡಿ ಕಪ್ಪಾಗುತ್ತೆ. ಯಜಮಾನರ ಪೂಜೆ ಕೋಣೆಯಿಂದ ವಿಭೂತಿ ಗಟ್ಟಿ ಬಂತು. ಸೋಪು ಒರೆಸಿ, ವಿಭೂತಿ ಪುಡಿ ಮಾಡಿ ಟ್ಯಾಂಕಿಗೆ ಪೂರಾ ಬಳಿದು, ಒಳಗೆ ಕಂಠಮಟ್ಟ ಡೀಸೆಲ್ ತುಂಬಿಸಿ, ಕಣ್ಣು ಕೀಲಿಸಿ ಕೂತೆ. ಗಂಟೆಯಾದರೂ ತುದಿ ಸಿಗಲಿಲ್ಲ. ಬೇಜಾರಾಗಿ ಟೀ ಕುಡಿಯೋಕೆ ಹೋದೆ.

ವಾಪಸ್ ಬಂದರೆ ಟ್ಯಾಂಕಿನ ಮೇಲೆ ಒಂದು ಮೊಳ ಕನಕಾಂಬರ! ಮಂಟಪಕ್ಕೆ ಹೂ ತಂದವನು ವಿಭೂತಿ ನೋಡಿ ಚಪ್ಪಲಿ ಬಿಟ್ಟು, ಕೈ ಮುಗಿದು, ಹೂ ಇಟ್ಟು ಹೋಗಿದ್ದ. ಬೈಯುತ್ತಾ ಹೂ ಎತ್ತಿದೆ. ಅಷ್ಟರಲ್ಲಿ ಡೀಸೆಲ್ ಜಿನುಗಿ ಕಪ್ಪಾಗಿದ್ದ ಬಿರುಕಿನ ತುದಿ ಸರಿಯಾಗಿ ಅದರ ಕೆಳಗೇ ಇತ್ತು.

೩. ಬಿಂದಿಗೆ

ಟ್ಯಾಂಕು ಬಿಚ್ಚಿ, ಖಾಲಿ ಮಾಡಿ, ಬಿರುಕಿನ ತುದಿಗೊಂದು ತೂತು ಕೊರೆದು, ಸೋಪಿನ ನೀರಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟೆ. ಕಾದ ಸ್ಕ್ರೂಡ್ರೈವರಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಬೆಸೆಯೋದು ನನ್ನ ಯೋಚನೆ. ಆದರೆ ಯಾವ ಪ್ಲಾಸ್ಟಿಕ್ಕು ಯಾವುದಕ್ಕೆ ಕೂಡುತ್ತೆ ಅನ್ನೋದು ಆಗ ನನಗೂ ಗೊತ್ತಿರಲಿಲ್ಲ. ಮುರಿದ ಕುರ್ಚಿ ತುಂಡು ಇಟ್ಟೆ, ತಣ್ಣಗಾದ ಮೇಲೆ ಎದ್ದು ಬಂತು. ಬಕೆಟ್ ತುಂಡೂ ಅಷ್ಟೇ. ಕೊನೆಗೆ ಯಜಮಾನರು ಎಲ್ಲಿಂದಲೋ ಗುಲಾಬಿ ಬಣ್ಣದ ನೀರಿನ ಬಿಂದಿಗೆ ಚೂರೊಂದು ತಂದರು. ಅಬ್ಬಾ, ಒಂದೇ ತಾಯಿ ಮಕ್ಕಳಂಗೆ ಕೂಡಿಕೊಂಡಿತು! ಉಗುರು ಹಾಕಿ ಕಿತ್ತರೂ ಬರಲಿಲ್ಲ.

ಸಂಜೆ ಯಜಮಾನರ ಅವ್ವ ಅಂಗಳವೆಲ್ಲ ಹುಡುಕುತ್ತಾ ಬಂದರು. "ನಲ್ಲಿ ಹತ್ರ ಇಟ್ಟಿದ್ದೆ ಕಣಪ್ಪ, ಹೊಸಾ ಬಿಂದಿಗೆ. ನೀನೇನಾದ್ರೂ ಕಂಡ್ಯಾ?"

ನಾನು ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತೆ. ಅವರು ಅಲ್ಲಿಂದ ಹೋಗೋವರೆಗೂ ನಾನು ಅಲ್ಲಾಡಲಿಲ್ಲ.

೪. ತೆಂಗಿನಕಾಯಿ

ಮುಹೂರ್ತದ ಬೆಳಿಗ್ಗೆ ಟ್ಯಾಂಕು ತುಂಬಿಸಿದೆ. ಒಂದು ಹನಿ ಇಲ್ಲ! ಇನ್ನೇನು ಸ್ಟಾರ್ಟ್ ಮಾಡಬೇಕು, ಅವ್ವ ಅಡ್ಡ ಬಂದರು. "ಪೂಜೆ ಇಲ್ದೆ ಶುರು ಮಾಡ್ತಾರೇನೋ?" ಕುಂಕುಮ ಆಯ್ತು, ನಿಂಬೆಹಣ್ಣು ಆಯ್ತು. ಕಾಯಿ ಎತ್ತಿ ಜನರೇಟರಿನ ಕಬ್ಬಿಣದ ಚೌಕಟ್ಟಿಗೆ ಅಪ್ಪಳಿಸಿದರು. ಗುರಿ ತಪ್ಪಿತು. ಡಬ್ ಅಂತು. ಕಾಯಿ ಹಂಗೇ ಇತ್ತು, ಟ್ಯಾಂಕು ಒಡೆದಿತ್ತು. ಒಳಗೆ ಓಲಗ ಶುರುವಾಗೋದಕ್ಕೂ ಕರೆಂಟ್ ಹೋಗೋದಕ್ಕೂ ಸರಿಹೋಯ್ತು.

ಮುಗೀತು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಯಜಮಾನರು ಬಗ್ಗಿ ನೋಡಿ ಕೂಗಿದರು: "ಲೇ, ನೀನು ಬೆಸೆದ ಜಾಗ ಹಂಗೇ ಐತಲ್ಲೋ! ಒಡೆದಿದ್ದು ಕಂಪನಿ ಕಡೆಯದು!"

ಆ ಒಂದು ಮಾತಿಗೆ ಹೋದ ಜೀವ ಬಂತು. ಡೀಸೆಲ್ ಕ್ಯಾನಿಗೆ ಪೈಪು ಸಿಕ್ಕಿಸಿ, ಪಕ್ಕದ ಬೇವಿನ ಕೊಂಬೆಗೆ ನೇತುಹಾಕಿ, ಇನ್ನೊಂದು ತುದಿ ಇಂಜಿನ್ನಿಗೆ ಕೊಟ್ಟೆ. ಗುಡುಗುಡು ಅಂತ ಎದ್ದಿತು. ಮೈಕು, ವಿಡಿಯೋ ಲೈಟು ಎಲ್ಲ ಬಂತು, ತಾಳಿ ಕಟ್ಟಿದ್ದೂ ಆಯ್ತು.

ಊಟ ಮುಗಿಸಿ ಬಂದ ರಾಯದುರ್ಗದ ಕಡೆಯ ಅಜ್ಜಿಯೊಬ್ಬರು ಗ್ಲೂಕೋಸ್ ಬಾಟಲಿ ಥರ ತೂಗುತ್ತಿದ್ದ ಕ್ಯಾನು ನೋಡಿ ನಿಂತರು. "ಯಾರಿಗಪ್ಪಾ ಹುಷಾರಿಲ್ಲ?"

"ಜನರೇಟರಿಗೆ ಕಣಜ್ಜಿ. ನಮ್ಮ ಅವ್ವ ತೆಂಗಿನಕಾಯಲ್ಲಿ ಹೊಡೆದ್ಲು. ಈ ಡಾಕ್ಟ್ರು ಬದುಕಿಸಿದ್ರು" ಅಂತ ಯಜಮಾನರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನನಗೆ ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಅಜ್ಜಿ ಅಲ್ಲೇ ಕಟ್ಟೆ ಮೇಲೆ ಕೂತು, ಸೀರೆ ಸರಿಸಿ, ಮೊಣಕಾಲು ಮುಂದೆ ಚಾಚಿದರು. "ಇದನ್ನೂ ಒಂದೀಟು ನೋಡು ನಾಯನಾ, ವರ್ಷದಿಂದ ನೋವು." ಆಮೇಲೆ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕಂಡು ಗಾಬರಿಯಾಗಿ ಕಾಲು ಹಿಂದಕ್ಕೆಳಕೊಂಡರು. "ಬ್ಯಾಡ ಬ್ಯಾಡ, ಮಾತ್ರೆ ಇದ್ರೆ ಕೊಡು ಸಾಕು!"