ನಮ್ಮ ತಾರಸಿಯ ನೀರು ಹೋದ ದಾರಿ

ಹೊಸ ಮನೆ ಕಟ್ಟಿಸಿದವರು ಸ್ವಲ್ಪ ದಿನ ಮನೆಯ ಸುದ್ದಿ ಹೇಳುತ್ತಾರೆ, ಆಮೇಲೆ ಉಳಿದ ಕಾಲವೆಲ್ಲ ಕಂಟ್ರಾಕ್ಟರರ ಸುದ್ದಿ ಹೇಳುತ್ತಾರೆ. ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿ ಸಾಕಾಗಿ ಶಿವಮೊಗ್ಗದ ಆಲ್ಕೊಳದಲ್ಲಿ ನಾವೂ ಒಂದು ಮನೆ ಕಟ್ಟಿಸಿದೆವು. ನಾವು ಎಂದರೆ ನಾನು, ನಮ್ಮ ಯಜಮಾನರು ಮತ್ತು ಅತ್ತೆ. ಕಂಟ್ರಾಕ್ಟರು ಭದ್ರಾವತಿಯವರು. ಮಾತು ಬೆಲ್ಲದಂಥದ್ದು. ಗೋಡೆ ನೆಟ್ಟಗಿತ್ತು, ಬಾಗಿಲು ನೆಟ್ಟಗಿತ್ತು. ತಾರಸಿಯೊಂದು ಮಾತ್ರ ಅವರ ಮಾತು ಕೇಳಲಿಲ್ಲ.

೧. ನಿಂತ ನೀರು

ಮೊದಲ ದೊಡ್ಡ ಮಳೆಯ ಮರುದಿನ ತಾರಸಿ ಹತ್ತಿ ನೋಡಿದೆ. ನೀರು ಹೋಗುವ ಪೈಪು ಒಂದು ಮೂಲೆಯಲ್ಲಿ, ನೀರು ಇನ್ನೊಂದು ಮೂಲೆಯಲ್ಲಿ. ನೀರು ಹರಿಯಲೆಂದು ಕೊಡುವ ಇಳಿಜಾರಿಗೆ ವಾಟ ಅನ್ನುತ್ತಾರೆ. ನಮ್ಮ ವಾಟ ಪೂರ್ತಿ ತಿರುಗಾಮುರುಗಾ. ಫೋನ್ ಮಾಡಿದೆ. ಕಂಟ್ರಾಕ್ಟರು ಬಂದರು, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ನೀರು ನಿಂತಿದೆ ಅಂದ್ರೆ ಏನರ್ಥ ಮೇಡಂ? ಒಂದು ಹನಿನೂ ಕೆಳಗೆ ಇಳಿದಿಲ್ಲ ಅಂತ. ಅಷ್ಟು ಗಟ್ಟಿ ಇದೆ ತಾರಸಿ. ಖುಷಿ ಪಡಿ."

ಖುಷಿಪಟ್ಟೆ. ಮುಂದಿನ ಮಳೆಗೇ ಅತ್ತೆಯ ಮಂಚದ ಮೇಲೆ ಸೋರತೊಡಗಿತು. ಮತ್ತೆ ಕರೆಸಿದೆ. ಒದ್ದೆಯಾದ ಮಂಚದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಸೀದಾ ಮೇಲೆ ಹತ್ತಿ, ಆ ಮೂಲೆ ನೋಡಿ, ಅಲ್ಲಿಂದಲೇ ಸಂತೋಷದಿಂದ ಕೂಗಿದರು:

"ಮೇಡಂ, ಈಗ ನೀರು ನಿಲ್ತಾ ಇಲ್ಲ ನೋಡಿ!"

೨. ಗದ್ದೆ

ಸೋರುವ ಜಾಗ ಯಾವುದು ಎಂದು ಹುಡುಕಲು ಕಂಟ್ರಾಕ್ಟರು ತಾರಸಿಯ ತುಂಬ ಮಣ್ಣಿನ ಸಣ್ಣ ಬದು ಕಟ್ಟಿ, ಪಾತಿ ಮಾಡಿ, ನೀರು ನಿಲ್ಲಿಸಿದರು. ಪಕ್ಕದ ಮನೆಯ ಹಿರಿಯರು ಹೊಳಲೂರಿನವರು. ಊರಿನಲ್ಲಿ ಈಗಲೂ ಬೇಸಾಯ ಇದೆ. ಅವರು ತಮ್ಮ ತಾರಸಿಯಿಂದ ಬಹಳ ಹೊತ್ತು ನಮ್ಮ ಬದುಗಳನ್ನೇ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು:

"ನಾಟಿ ಯಾವಾಗಮ್ಮ?"

೩. ಮಂಚ

ಪರೀಕ್ಷೆಯೆಲ್ಲ ಆದರೂ ಸೋರುವುದು ನಿಲ್ಲಲಿಲ್ಲ. ಅತ್ತೆಯ ಮಂಚ ಅವರ ಕೋಣೆಯಿಂದ ನಮ್ಮ ಕೋಣೆಗೆ, ಅಲ್ಲಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಯ ಬಾಗಿಲಿಗೆ ಬಂತು. ಅವರ ಕೋಣೆಯ ಕಿಟಕಿ, ಗೂಡು ಎಲ್ಲ ಅವರೇ ಹೇಳಿ ಇಡಿಸಿದ್ದು. ಶಂಕರಘಟ್ಟಕ್ಕೆ ಕೆಲಸಕ್ಕೆ ಹೋಗುವ ನನಗೆ, ಬಸ್ಸಿನ ಗಾಜಿಗೆ ಹನಿ ಬಿದ್ದರೆ ಸಾಕು, ಕಣ್ಣಿಗೆ ಆ ಮಂಚವೇ ಬರುತ್ತಿತ್ತು.

ಒಂದು ದಿನ ಅತ್ತೆಯ ತಂಗಿ ಫೋನಿನಲ್ಲಿ ಹೊಸ ಮನೆ ಹೇಗಿದೆ ಎಂದು ಕೇಳಿದರು. ಅತ್ತೆ ಹೇಳಿದ್ದು ಹೀಗೆ:

"ಬಾಡಿಗೆ ಮನೇಲಿ ಒಂದೇ ರೂಮಲ್ಲಿ ಬಿದ್ಕೊಂಡಿರ್ತಿದ್ದೆ ಮಾರಾಯ್ತಿ. ಸ್ವಂತ ಮನೆ ನೋಡು, ಎಲ್ಲಾ ರೂಮಲ್ಲೂ ಮಲಗಿದ್ದಾಯ್ತು!"

ನಕ್ಕೆವು. ಮಗನ ಮುಖ ಸಣ್ಣಗಾಗದಿರಲಿ ಎಂದೇ ಅವರು ನಗಿಸಿದ್ದು ಎಂದು ನನಗೆ ಗೊತ್ತಿತ್ತು. ಅದಕ್ಕೇ ನನ್ನ ನಗು ಬೇಗ ಮುಗಿಯಿತು.

೪. ಜಗಳಕ್ಕೆ ಹೋದದ್ದು

"ರೀ, ನೀವೇ ಹೋಗಿ ಗಟ್ಟಿಯಾಗಿ ಎರಡು ಮಾತಾಡಿ ಬನ್ನಿ" ಎಂದು ಯಜಮಾನರನ್ನು ಭದ್ರಾವತಿಗೆ ಕಳಿಸಿದೆ. ಅವರು ಜನ್ಮದಲ್ಲಿ ಯಾರಿಗೂ ಜೋರು ಮಾಡಿದವರಲ್ಲ. ಬಸ್ಸಿನಲ್ಲಿ ಬೈಗುಳ ಅಭ್ಯಾಸ ಮಾಡಿಕೊಂಡು ಹೋದರಂತೆ. ಬಾಗಿಲು ತೆಗೆದದ್ದು ಕಂಟ್ರಾಕ್ಟರರ ಹೆಂಡತಿ. ಒಳಗೆ ನೋಡಿದರೆ ಹಾಲಿನ ನಡುವೆ ಬಕೆಟ್ಟು, ಅದರೊಳಗೆ ಟಪ್ ಟಪ್.

ಯಜಮಾನರು ಬಾಯಿ ತೆರೆಯುವ ಮೊದಲೇ ಆಕೆ ಕಾಫಿ ಕೈಗಿತ್ತು ಹೇಳಿದರಂತೆ: "ಬೈಯೋಕೆ ಬಂದ್ರಾ ಅಣ್ಣಾ? ಬೈರಿ. ನಾನು ಹೇಳಿದ್ರೆ ಇವರು ಕಿವಿಗೇ ಹಾಕ್ಕೊಳಲ್ಲ. ನಿಮ್ಮನೇದು ಹೇಳುವಾಗ ನಮ್ಮನೇದೂ ಒಂದು ಮಾತು ಸೇರಿಸ್ಬಿಡಿ."

೫. ಯಾರೋ ಒಬ್ಬ

ಒಂದು ಭಾನುವಾರ ಹೇಳದೆ ಕೇಳದೆ ಕಂಟ್ರಾಕ್ಟರು ಯಾರೋ ಗಂಡ ಹೆಂಡತಿ ಇಬ್ಬರನ್ನು ಕರೆತಂದರು. ಅವರು ಮನೆ ಕಟ್ಟಿಸುವವರಂತೆ, ಇವರ ಕೆಲಸ ನೋಡಬೇಕಂತೆ. ಬಾಗಿಲು ತೋರಿಸಿದರು, ಅಡುಗೆಮನೆ ತೋರಿಸಿದರು. ಆ ಹೆಂಗಸು ಮಾತ್ರ ಸೋರುವ ಕಡೆ ನಾವಿಟ್ಟಿದ್ದ ಬಕೆಟ್ಟು ನೋಡಿದರು, ತಲೆ ಎತ್ತಿದರು.

"ಮೇಲಿನದು ಯಾರು ಮಾಡಿದ್ದು?"

ಕಂಟ್ರಾಕ್ಟರು ಕಣ್ಣು ಮಿಟುಕಿಸದೆ ಹೇಳಿದರು: "ಅದಾ? ಯಾರೋ ಭದ್ರಾವತಿಯವನು ಮೇಡಂ."

ನಾನು ಬಾಯಿ ಬಿಡುವಷ್ಟರಲ್ಲಿ ಆಕೆಯೇ ಅಂದರು: "ಹಂಗಾದ್ರೆ ಮೊದ್ಲು ಇದನ್ನ ನೀವು ಸರಿ ಮಾಡಿ ತೋರಿಸಿ. ಮಳೆ ಬರ್ಲಿ, ಬಂದು ನೋಡ್ತೀವಿ. ಆಮೇಲೆ ನಮ್ಮನೆ ಮಾತು."

ಕಂಟ್ರಾಕ್ಟರು ತಲೆಯಾಡಿಸಲೇಬೇಕಾಯಿತು. ಇನ್ನೊಂದು ಸಂಸಾರಕ್ಕೆ ಮೋಸವಾಗಬಾರದಲ್ಲ. ಗೇಟಿನವರೆಗೂ ಹೋಗಿ ಆಕೆಯ ಕಿವಿಯಲ್ಲಿ ಹೇಳಿದೆ, "ಆ ಭದ್ರಾವತಿಯವರು ಇವರೇ."

"ಗೊತ್ತಾಯ್ತು ಅಕ್ಕಾ, ನಿಮ್ಮೆಜಮಾನ್ರ ಮುಖ ನೋಡಿದಾಗ್ಲೇ ಗೊತ್ತಾಯ್ತು. ಅದಕ್ಕೇ ಮೊದ್ಲು ನಿಮ್ದು ಮಾಡಿಸ್ತಿರೋದು" ಎಂದು ಆಕೆ ನನ್ನ ಕೈ ಅದುಮಿದರು. ಎಷ್ಟೋ ತಿಂಗಳಿಂದ ನಾನು ಹೀಗೆ ಹಗುರಾಗಿರಲಿಲ್ಲ.

ಕಂಟ್ರಾಕ್ಟರು ಆ ವಾರವೇ ಆಳು ಕರೆತಂದರು. ಮೇಲಿನ ಗಾರೆ ಪೂರ್ತಿ ಕೆತ್ತಿಸಿ, ಪೈಪಿನ ಕಡೆಗೆ ವಾಟ ಕೊಟ್ಟು ಹೊಸದಾಗಿ ಹಾಕಿಸಿದರು. ಆಮೇಲೆ ಎಷ್ಟು ಮಳೆ ಬಂದರೂ ಒಂದು ಹನಿ ಇಳಿಯಲಿಲ್ಲ. ಮನಸ್ಸಿಟ್ಟರೆ ಇಷ್ಟು ಚೆನ್ನಾಗಿ ಮಾಡಬಲ್ಲವರು ಮೊದಲೇ ಯಾಕೆ ಮಾಡಲಿಲ್ಲ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದರೆ ಕೆತ್ತಿಸಿದ ಆ ದಿನವನ್ನು ಮರೆಯುವಂತಿಲ್ಲ. ಹಳೇ ಗಾರೆಯ ಕೆಳಗೆ ಸಿಮೆಂಟ್ ಚೀಲದ ಚೂರು, ಇಟ್ಟಿಗೆಪುಡಿ, ಯಾರೋ ತಿಂದೆಸೆದ ಗುಟ್ಕಾ ಪೊಟ್ಟಣ ಎಲ್ಲ ಸಿಕ್ಕವು. ಕಂಟ್ರಾಕ್ಟರಿಗೆ ನಿಜವಾಗಿಯೂ ಸಿಟ್ಟು ಬಂತು. ಮುಖ ಕೆಂಪಾಯಿತು.

"ಥೂ! ಇದೇನ್ ಕೆಲಸಾನಾ? ಮನೆ ಹಾಳು ಮಾಡೋಕೇ ಹುಟ್ಟಿದಾನೆ ಅವನು!"

ನಾನು ನಿಧಾನವಾಗಿ ಅಂದೆ, "ಹೋಗ್ಲಿ ಬಿಡಿ. ಪಾಪ, ಏನೋ ಅವಸರದಲ್ಲಿ ಮಾಡಿರ್ತಾರೆ."

ಅವರು ಕೈಲಿದ್ದ ಕರಣೆ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು.

"ನಿಮ್ಮಂಥವರು ಹೋಗ್ಲಿ ಬಿಡಿ ಅಂತೀರಲ್ಲ ಮೇಡಂ, ಅದಕ್ಕೇ ಅವನು ಹಿಂಗಾಗಿರೋದು!"