ಜಾಗೀರದಾರರು, ದೇಸಾಯರು ಮತ್ತು ಮೊದಲ ವೀಳ್ಯ

ರಾಜರು ಹೋದರು, ನವಾಬರು ಹೋದರು. ಅವರು ಕೊಟ್ಟ ಬಿರುದುಗಳು ಮಾತ್ರ ನಮ್ಮ ಸುರಪುರ ಸೀಮೆಯ ಮದುವೆಗಳಿಗೆ ತಪ್ಪದೆ ಬರುತ್ತವೆ. ಬಂದಾಗಲೆಲ್ಲ ನನಗೆ ಭಯ. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಮೊದಲು ಹಿರೇ ಮನೆತನದವರಿಗೆ ಮಾನದ ವೀಳ್ಯ ಕೊಡುವುದು ನಮ್ಮ ಕಡೆಯ ಪದ್ಧತಿ. ಆ ತಟ್ಟೆ ಹಿಡಿಯುವುದು ನಮ್ಮ ಮನೆಗೆ ಬಂದ ಸೇವೆ. ಅಪ್ಪ ಹಿಡಿದ, ಈಗ ನಾನು. ಯಾರ ಬಿರುದು ಮೇಲು, ಯಾರದು ಕೆಳಗೆ ಎಂಬುದನ್ನು ಮಾತ್ರ ಅಪ್ಪ ಹೇಳಿಕೊಡದೆ ಹೋದ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಮುಂದ ಕುಂತವರು

ದೇವಾಪುರದ ಕಡೆ ಒಂದು ಮದುವೆ. ಮುಂದಿನ ಸಾಲಿನಲ್ಲಿ ಜಾಗೀರದಾರರು ಒಬ್ಬರು, ದೇಸಾಯರು ಒಬ್ಬರು. ಈಗ ಜಾಗೀರೂ ಇಲ್ಲ, ದೇಸಗತಿಯೂ ಇಲ್ಲ. ಒಬ್ಬರಿಗೆ ತುಂಡು ತೊಗರಿ ಹೊಲ, ಇನ್ನೊಬ್ಬರಿಗೆ ಹಿಟ್ಟಿನ ಗಿರಣಿ. ನಾನು ಊರ ದೇವರು ಹನುಮಪ್ಪನನ್ನು ನೆನೆದು ದೇಸಾಯರ ಕಡೆ ತಟ್ಟೆ ಚಾಚಿದೆ. ಜಾಗೀರದಾರರು ಚಪ್ಪಲಿ ಹುಡುಕತೊಡಗಿದರು.

"ನಮಗ ನಿಜಾಮ ಸರ್ಕಾರ ಊರಿಗೆ ಊರೇ ಬರದು ಕೊಟ್ಟಿತ್ತು. ಮೊದಲ ವೀಳ್ಯ ಇವರಿಗೇನು?"

ದೇಸಾಯರು ಬಿಡಲಿಲ್ಲ. "ನಿಮ್ಮ ನಿಜಾಮ ಬರೂಕಿಂತ ಮುಂಚೇನ ನಾವು ದೊರೆಗಳ ಕಂದಾಯ ಎತ್ತೀವಿ!"

ಒಬ್ಬರು ಬಿರುದಿನ ಎತ್ತರ ಹೇಳುತ್ತಾರೆ, ಇನ್ನೊಬ್ಬರು ವಯಸ್ಸು. ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಬಂದದ್ದು ತಟ್ಟನೆ ನೆನಪಾಯಿತು.

"ಹಂಗಾರ ಧಣ್ಯಾರ, ಟಂಟಂದಾಗ ಡ್ರೈವರನ ಬಾಜೂಕ ಕುಂತು ಬಂದವರು ಯಾರು? ಅವರಿಗೇ ಮೊದಲ ಕೊಡ್ತೀನ್ರಿ" ಎಂದೆ.

ಚಪ್ಪರದ ಬಾಯಲ್ಲಿ ನಿಂತಿದ್ದ ಟಂಟಂ ಡ್ರೈವರ ಹೇಳಿದ: "ಬಾಜೂಕ ಒಂದು ಹೋತ ಕುಂತಿತ್ರಿ ಕಾಕಾ. ಇವರಿಬ್ಬರೂ ಹಿಂದ."

ಹನುಮಪ್ಪನ ಅತ್ತರು

ಜನ ನಕ್ಕ ಗದ್ದಲದಲ್ಲಿ ಅವತ್ತು ಇಬ್ಬರ ಕೈಗೂ ವೀಳ್ಯ ತುರುಕಿ ಪಾರಾದೆ. ಆದರೆ ಹೋಗುವಾಗ ಇಬ್ಬರೂ ಒಂದೇ ಮಾತು ಹೇಳಿದರು: "ನಿನ್ನ ಮಗಳ ಮದಿವಿ ಬರ್ತದಲಾ, ಅಲ್ಲಿ ನೋಡ್ತೀವಿ."

ಬಂದೇಬಿಟ್ಟಿತು. ಶಹಾಪುರದ ಬೀಗರು ಬಲು ಬಿಗಿ ಜನ. "ಹಿರೇರು ಎದ್ದು ಹೋದ ಚಪ್ಪರದಾಗ ನಮ್ಮ ಹುಡುಗ ತಾಳಿ ಕಟ್ಟಂಗಿಲ್ಲ" ಎಂದು ಮೊದಲೇ ಹೇಳಿದ್ದರು.

ಮದುವೆಗೆ ಕರೆಯಲು ಹೊರಟೆ. ಮೊದಲ ಕರೆ ಗುಡಿಗೆ. ಅಲ್ಲಿಂದ ದಾರಿಯಲ್ಲಿ ಜಾಗೀರದಾರರ ಮನೆ, ಆಮೇಲೆ ದೇಸಾಯರ ಮನೆ.

"ಮೊದಲ ಯಾರನ್ನ ಕರದಿ?" ಎಂದರು ದೇಸಾಯರು.

"ಹನುಮಪ್ಪನ್ನ ರಿ."

"ಅವನಾದ ಮ್ಯಾಲೆ?"

"ಗುಡಿಯಿಂದನ ಬರಾಕತ್ತೇನ್ರಿ ಧಣ್ಯಾರ." ದೇವರಾಣೆಗೂ ಸುಳ್ಳಲ್ಲ. ನಡುವಿನ ಒಂದು ಮನೆಯನ್ನು ಹೇಳಲಿಲ್ಲ, ಅಷ್ಟೆ.

ದೇಸಾಯರು ಹತ್ತಿರ ಬಂದು ನನ್ನ ಅಂಗೈ ಮೂಸಿದರು. ಮನೆಗೆ ಬಂದವರ ಕೈಗೆ ಅತ್ತರು ಹಚ್ಚುವುದು ಜಾಗೀರದಾರರ ಮನೆಯ ಹಳೇ ರಿವಾಜು.

"ಏನಪಾ, ಹನುಮಪ್ಪ ಎಣ್ಣಿ-ಸಿಂಧೂರ ಬಿಟ್ಟು ಅತ್ತರು ಹಚ್ಕೊಳ್ಳಾಕತ್ತಾನೇನು?"

ಹೊಸ ಮನೆತನ

ಮದುವೆಯ ದಿನ. ಮುಹೂರ್ತ ಹತ್ತಿರ ಬಂದರೂ ತಟ್ಟೆ ನನ್ನ ಕೈಯಲ್ಲೇ. ಮನೆಯಾಕೆ ಕಿವಿಯಲ್ಲಿ ಹೇಳಿದಳು: "ಮೊದಲನೇದು ದೇವರ ಮುಂದ ಇಟ್ಟುಬಿಡ್ರಿ, ಯಾರು ಏನಂತಾರ?"

ಇಟ್ಟೆ. ಜಾಗೀರದಾರರು ಕೈ ಮುಗಿದು ಕೇಳಿದರು: "ದೇವರಿಗೆ ಮುಟ್ಟಿತು. ಮನಷ್ಯಾರೊಳಗ ಮೊದಲು ಯಾರು?"

ನಾನು ತಟ್ಟೆಯ ಎಲೆ ಜೋಡಿಸತೊಡಗಿದೆ. ಜಾಗೀರದಾರರು ಎದ್ದರು. ಅವರು ತಮಗಿಂತ ಮೊದಲು ಎದ್ದರಲ್ಲ ಎಂದು ದೇಸಾಯರೂ ಎದ್ದರು. ಬೀಗರ ಮುಖ ಕಪ್ಪಿಟ್ಟಿತು. ಅಂತರಪಟದ ಹಿಂದಿನಿಂದ ಮಗಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿದ್ದವು. ಹಿರಿಯರಿಬ್ಬರೂ ಸೀದಾ ತಾವು ಬಂದಿದ್ದ ಟಂಟಂ ಕಡೆ ನಡೆದರು.

ಹನುಮಪ್ಪನೇ ಓಡಿಸಿದನೋ ಏನೋ, ಅವರನ್ನು ದಾಟಿ ಬರಿಗಾಲಲ್ಲಿ ಓಡಿದೆ. ಓಡಿಹೋಗಿ ಟಂಟಂ ಡ್ರೈವರನ ಕೈಯಲ್ಲಿ ಮೊದಲ ವೀಳ್ಯ ಇಟ್ಟೆ. "ತಮ್ಮಾ, ಈ ಮಾನ ನಿಂದು. ಒಳಗ ಬಂದು ಕುಂದ್ರು."

ಅವನು ಬೀಡಿ ಒಗೆದು, ಅಂಗಿ ಝಾಡಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತ.

"ಏ, ಗಾಡಿ ತೆಗಿಯೋ!" ಎಂದು ಹೊರಗಿನಿಂದ ದೇಸಾಯರು ಕೂಗಿದರು.

"ಮಾನದ ವೀಳ್ಯ ತಗೊಂಡೀನ್ರಿ ಧಣ್ಯಾರ. ಅಕ್ಕಿಕಾಳು ಬೀಳೂತನಕ ಏಳಾಕ ಬರಂಗಿಲ್ಲ."

ಹೊರಗೆ ನಮ್ಮ ಕಡೆಯ ಬಿಸಿಲು. ಸಂಜೆಯವರೆಗೆ ಬಸ್ಸಿಲ್ಲ. ಇಬ್ಬರೂ ತಿರುಗಿ ಬಂದು ಅವನ ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತರು. ಎರಡನೆಯ ವೀಳ್ಯಕ್ಕೆ ಯಾರೂ ಜಗಳ ತೆಗೆಯಲಿಲ್ಲ. ಮಗಳಿಗೆ ತಾಳಿ ಕಟ್ಟಿದ್ದಾಯಿತು.

ಭಯ ಮುಗಿಯಿತು ಎಂದುಕೊಂಡೆ. ಮೊನ್ನೆ ರಾಮಸಮುದ್ರದ ಮದುವೆಯಲ್ಲಿ ನೋಡಿದರೆ ಮುಂದಿನ ಸಾಲಿನಲ್ಲಿ ಮೂವರು. ಈ ಸಲ ಜಾಗೀರದಾರರ ಕಡೆ ತಟ್ಟೆ ಚಾಚಿದೆ. ನಡುವೆ ಕುಳಿತವನು ಟಂಟಂ ಚಾವಿ ತಿರುಗಿಸುತ್ತ ಹೇಳಿದ: "ಕಾಕಾ, ಮೊದಲ ವೀಳ್ಯ ನಮ್ಮ ಮನಿತನದ್ದು."

ನೀವೇ ನ್ಯಾಯ ಹೇಳಿ ಎಂಬಂತೆ ನಾನು ಹಿರಿಯರ ಮುಖ ನೋಡಿದೆ. ಎಂದೂ ಒಂದಾಗದ ಇಬ್ಬರೂ ಒಮ್ಮೆಲೇ ಬಾಯಿಬಿಟ್ಟರು:

"ಮೊದಲು ಅವರಿಗೆ ಕೊಡಪಾ. ನಾವು ಊರು ಮುಟ್ಟಬೇಕಲಾ!"